ಟಣ್ ಮೇಸ್ತ್ರಿಯ ಎರಡು ಸೀಟಿನ ಕಾರು

ನಮ್ಮ ಭಾವನಿಗೆ ಕಂಡದ್ದನ್ನೆಲ್ಲ ತಟ್ಟಿ ನೋಡುವ ಚಟ. ನೀರಿನ ಡ್ರಮ್ಮು, ಕಬ್ಬಿಣದ ಗೇಟು, ಬ್ಯಾಂಕಿನ ಕೌಂಟರು, ಯಾವುದನ್ನೂ ಬಿಟ್ಟವರಲ್ಲ. ಬೆರಳಿನ ಗಿಣ್ಣಿನಿಂದ ಎರಡು ಸಲ ತಟ್ಟುವುದು, ಎಡಗಿವಿಯನ್ನು ಅದರ ಕಡೆಗೆ ಓರೆ ಮಾಡುವುದು, ಆಮೇಲೆ ತೀರ್ಪು. ಅಕ್ಕನನ್ನು ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಬಂದವರು, ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಅಪ್ಪನ ಬೀರುವನ್ನು ತಟ್ಟಿದರು. "ಕೆಳಗಡೆ ತೂತು ಮುಚ್ಚೋಕೆ ಪುಟ್ಟಿ ತುಂಬಿದಾರೆ ಮಾವ, ಬಣ್ಣಾನೂ ಎರಡನೇ ಸಲದ್ದು" ಅಂದರು. ಹೊಸದೆಂದು ನಂಬಿ ತಂದಿದ್ದ ಬೀರು ಅದು. ಅಪ್ಪ ಆವತ್ತು ಊಟಕ್ಕೆ ಕೂತಾಗಲೂ ಅಳಿಯನ ಮುಖ ನೋಡಲಿಲ್ಲ.

ಅವರದು ಟಿಂಕರಿಂಗ್ ಕೆಲಸ. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗಿದ ಮೈಯನ್ನು ಬಡಿದು ಬಡಿದು ಮೊದಲಿನ ಆಕಾರಕ್ಕೆ ತರುವುದು, ತುಕ್ಕು ತಿಂದ ಕಡೆ ಕೊಯ್ದು ಹೊಸ ತಗಡು ಬೆಸೆಯುವುದು. ಮೇಲೆ ಬಣ್ಣ ಎಷ್ಟೇ ಚಂದ ಇರಲಿ, ಒಳಗೆ ಕೊಳೆತಿದೆಯೇ ಇಲ್ಲವೇ ಎಂದು ತಟ್ಟಿಯೇ ಹೇಳುತ್ತಿದ್ದರು. ಟಣ್ ಅಂದರೆ ಗಟ್ಟಿ, ಸೀಮೆಸುಣ್ಣದಲ್ಲಿ ಒಂದು ಸರಿ ಗುರುತು. ದಬ್ ಅಂದರೆ ಒಳಗೆ ತುಕ್ಕು, ಇಲ್ಲವೇ ಯಾರೋ ಮೆತ್ತಿದ ಪುಟ್ಟಿ, ಅಲ್ಲಿಗೊಂದು ಸೊನ್ನೆ. ಚೂಪಾದ್ದು ತೆಗೆದುಕೊಂಡು ಚುಚ್ಚಿ ನೋಡುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಚುಚ್ಚೋದು ಗುಜರಿಯವನ ಕೆಲಸ. ಮೇಸ್ತ್ರಿ ಅಂದ್ಮೇಲೆ ತಗಡೇ ಬಾಯಿ ಬಿಟ್ಟು ಹೇಳ್ಬೇಕು" ಅನ್ನುತ್ತಿದ್ದರು. ಹೀಗಾಗಿ ಬೀದಿಗೆಲ್ಲ ಅವರು ಟಣ್ ಮೇಸ್ತ್ರಿ. ಸ್ವಂತ ಹೆಸರು ಇದ್ದದ್ದು ಕರೆಂಟ್ ಬಿಲ್ಲಿನಲ್ಲಿ ಮಾತ್ರ.

ಮನೆಯ ಹಿಂದೆಯೇ ವರ್ಕ್‌ಶಾಪು. ಅದಕ್ಕೂ ಮನೆಗೂ ನಡುವೆ ಅಡುಗೆಮನೆಯ ಒಂದು ಕಿಟಕಿ. ಅಕ್ಕನ ಸಂಸಾರವೆಲ್ಲ ಆ ಕಿಟಕಿಯ ಈಚೆ ನಡೆಯಿತು, ಭಾವನ ಸುತ್ತಿಗೆಯ ಸದ್ದು ಕೇಳುತ್ತ. ನಾನು ಮಹಡಿಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡವಳು. ಗಂಡ ಅನ್ನುವವನನ್ನು ನಾನೂ ಸ್ವಲ್ಪ ಕಾಲ ಇಟ್ಟುಕೊಂಡಿದ್ದೆ, ಒಗ್ಗಲಿಲ್ಲ, ಇಲ್ಲಿಗೆ ಬಂದೆ. ನಾನು ಮಾತಾಡಿದರೆ ಬೀದಿಯ ಆ ತುದಿಗೆ ಕೇಳಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಿಸಲಿ ಬಿಡಿ, ನಾನೇನು ಕದ್ದ ಮಾತು ಆಡುವುದಿಲ್ಲ. ಭಾವ ನನಗಿಟ್ಟ ಹೆಸರು ಕತ್ತರಿ. ಅಕ್ಕನದು ಇದಕ್ಕೆ ತದ್ವಿರುದ್ಧ. ಅವಳ ಮಾತು ಪಕ್ಕದಲ್ಲಿ ಕೂತವರಿಗಷ್ಟೇ. ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನು ಓಡಿಸುವಾಗಲೂ ದನಿ ಏರಿಸಿದವಳಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ಯಾರೂ ನಂಬುವುದಿಲ್ಲ.

ಇನ್ನು ಕಾರಿನ ವಿಷಯ. ಅದೊಂದು ಕೆಂಪು ಬಣ್ಣದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ರೇಸಿನ ಕಾರು. ಮೊದಲು ಅದು ಹಲ್ಲಿನ ಡಾಕ್ಟರೊಬ್ಬರದ್ದಾಗಿತ್ತು. ಅಕ್ಕನ ಮದುವೆಯಾದ ಹೊಸದರಲ್ಲಿ ಡಾಕ್ಟರು ಅದನ್ನು ದೀಪದ ಕಂಬಕ್ಕೆ ಗುದ್ದಿ ಭಾವನ ಹತ್ತಿರ ತಂದರು. ಭಾವ ಮುಂಭಾಗವನ್ನು ಬಡಿದು ಸರಿ ಮಾಡಿ, ಓಡಿಸಿ ನೋಡುವ ನೆಪದಲ್ಲಿ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ಸೇತುವೆಯವರೆಗೆ ಹೋಗಿ ಬಂದರು. ದಾರಿಯುದ್ದಕ್ಕೂ ಅಕ್ಕ ಏನೇನೋ ಹೇಳುತ್ತಲೇ ಇದ್ದಳಂತೆ. ಅಷ್ಟು ಗಾಳಿಯಲ್ಲೂ ಭಾವ ಒಂದೊಂದು ಮಾತಿಗೂ ಉತ್ತರ ಕೊಟ್ಟರಂತೆ. ಇದನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ನನ್ನ ಸಂಸಾರದಲ್ಲಿ ಅಂಥದ್ದೊಂದು ನೆನಪೂ ಇಲ್ಲದಿದ್ದರಿಂದ ನಾನು ಪ್ರತಿ ಸಲವೂ ಪೂರ್ತಿ ಕೇಳಿದ್ದೇನೆ.

ಡಾಕ್ಟರು ತೀರಿಹೋದ ಮೇಲೆ ಕಾರು ಅವರ ಕಾಂಪೌಂಡಿನ ಮರದ ಕೆಳಗೆ ಮಳೆ ಬಿಸಿಲಿಗೆ ನಿಂತು ತುಕ್ಕು ಹಿಡಿಯಿತು. ಜಾಗ ಖಾಲಿಯಾದರೆ ಸಾಕೆಂದು ಅವರ ಮನೆಯವರು ಭಾವನನ್ನು ಕರೆದು ಕೊಟ್ಟುಬಿಟ್ಟರು. ಭಾವ ಎಳೆಸಿಕೊಂಡು ಬಂದು ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿ, ಅಕ್ಕನಿಗೆ ಹೇಳಿದರು. "ವರ್ಕ್‌ಶಾಪ್ ಮುಚ್ಚಿದ್ಮೇಲೆ ಮೊದಲ್ನೇ ಕೆಲಸ ಇದೇ. ಹೊಸದರ ಥರ ಮಾಡಿ, ಮತ್ತೆ ಸೇತುವೆ ತನಕ ಹೋಗೋಣ." ಅಕ್ಕ ತಲೆಯಾಡಿಸಿದಳು. ಅವಳು ತಲೆಯಾಡಿಸಿದಳು ಅಂದರೆ ನಂಬಿದಳು ಎಂದೇ ಅರ್ಥ.

ವರ್ಕ್‌ಶಾಪು ಮುಚ್ಚಿದ್ದೂ ಆಯಿತು. ಎಲ್ಲರೂ ಇನ್ನೂ ಕೆಲವು ವರ್ಷ ನಡೆಸುತ್ತಾರೆ ಅಂದುಕೊಂಡಿದ್ದಾಗ ಒಂದು ಬೆಳಿಗ್ಗೆ ಭಾವ ಬೋರ್ಡು ಇಳಿಸಿದರು. ಕೇಳಿದರೆ ಮಂಡಿನೋವು ಅಂದರು. ಅದೇ ಮಂಡಿಯಲ್ಲಿ ಏಣಿ ಹತ್ತಿ ನೀರಿನ ಟ್ಯಾಂಕು ತೊಳೆಯುವುದನ್ನು ನಾನೇ ಕಂಡಿದ್ದೆ. ಇರಲಿ, ದುಡಿದದ್ದು ಸಾಕು ಅನ್ನಿಸಿರಬೇಕು ಎಂದುಕೊಂಡು ಸುಮ್ಮನಾದೆ. ಅಕ್ಕ ಮಾತ್ರ ಶೆಡ್ಡಿನ ಮೂಲೆಯನ್ನು ಗುಡಿಸಿ, ಟಾರ್ಪಾಲಿನ ಮೇಲಿದ್ದ ಡಬ್ಬಗಳನ್ನೆಲ್ಲ ತೆಗೆದು ಸಜ್ಜು ಮಾಡಿಟ್ಟಳು. ಭಾವ ಆ ಕಡೆಗೆ ತಲೆ ಹಾಕಲಿಲ್ಲ. ಪೇಪರು ಹಿಡಿದು ವರಾಂಡದಲ್ಲಿ ಕೂತುಬಿಟ್ಟರು.

ಅದಕ್ಕೂ ಮುಂಚಿನಿಂದಲೇ ಅಕ್ಕ ಒಳಗೊಳಗೇ ಕೊರಗುತ್ತಿದ್ದಳು. "ನನ್ ಜೊತೆ ಮಾತೇ ಬಿಟ್ಟಿದಾರೆ ಕಣೇ" ಅಂತ ಒಂದು ದಿನ ಬಾಯಿ ಬಿಟ್ಟಳು. "ಕಾಫಿ ತಣ್ಣಗಾಗ್ತಿದೆ ಅಂತೀನಿ, ತಿರುಗೂ ನೋಡಲ್ಲ. ಗೋಡೆಗೆ ಹೇಳ್ದಂಗೆ. ನೀನು ಮೇಲಿಂದ ಕರೆದ್ರೆ ಮಾತ್ರ ತಕ್ಷಣ ಓಗೊಡ್ತಾರೆ." ನನಗೆ ಅದು ನಿಜವೂ ಅನ್ನಿಸಿತು, ಮುಜುಗರವೂ ಆಯಿತು. ಗಂಡಸರ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ವಯಸ್ಸಾದ ಮೇಲೆ ಹೆಂಡತಿ ಕುರ್ಚಿ ಮೇಜಿನ ಲೆಕ್ಕಕ್ಕೆ ಬರುತ್ತಾಳೆ, ಇವರೂ ಅದೇ ಜಾತಿ ಎಂದುಕೊಂಡೆ.

ಆಗ ಬಂದವನು ಗಾಜಿನ ಅಂಗಡಿಯವನು. ಕಾರುಗಳಿಗೆ ಗಾಜು ಹಾಕುವವನು, ಭಾವನ ಹಳೆಯ ಪರಿಚಯ. ಅವನಲ್ಲಿ ಇದೇ ಮಾದರಿಯ ಇನ್ನೊಂದು ಕಾರಿತ್ತು. ಅಡಿಯ ಚೌಕಟ್ಟು ಗಟ್ಟಿಯಾಗಿತ್ತು, ಆದರೆ ಬಾಗಿಲು, ಬಾನೆಟ್ಟು, ಗೇರ್‌ಬಾಕ್ಸು, ಲೈಟು ಯಾವುದೂ ಇರಲಿಲ್ಲ. "ಮೇಸ್ತ್ರಿ, ನೀವು ಮಾಡ್ತೀರಾ ಅಂದ್ರೆ ನಾನು ಕೈ ಹಾಕಲ್ಲ. ನಿಮ್ಮದು ರಸ್ತೆಗೆ ಬಂದ್ರೆ ಮೊದಲು ಚಪ್ಪಾಳೆ ತಟ್ಟೋನೇ ನಾನು. ಮಾಡಲ್ಲ ಅಂದ್ರೆ ಬಿಚ್ಚಿ ಕೊಡಿ. ಎರಡೂ ಹಾಳಾಗೋ ಬದಲು ಒಂದಾದ್ರೂ ಓಡಾಡ್ಲಿ" ಅಂದ. ನ್ಯಾಯವಾದ ಮಾತು. ಭಾವ ಒಂದು ವಾರ ಕೊಡು ಅಂದರು.

ಅವನು ಹೋದ ಮೇಲೆ ಅಕ್ಕ ಮಹಡಿ ಹತ್ತಿ ಬಂದು ನನ್ನ ಬಟ್ಟೆಗಳ ರಾಶಿಯ ಪಕ್ಕ ಕೂತಳು. ಯಾವತ್ತಿನ ಮೆಲುದನಿಯಲ್ಲೇ, "ಆ ಕಾರು ಬಿಚ್ಚಿದ್ರೆ ನಾನು ಇಲ್ಲಿಗೆ ಬಂದ್ಬಿಡ್ತೀನಿ. ನಿನ್ ಜೊತೆ ಇರ್ತೀನಿ. ಕೆಳಗಡೆ ಅವರ ಪಾಡಿಗೆ ಅವರಿರ್ಲಿ" ಅಂದಳು. ನಾನು ತಮಾಷೆ ಮಾಡೋಣವೆಂದು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡೆ. ಅವಳು ಹೇಳಿದ್ದನ್ನು ಮಾಡುವವಳು. ಕಣ್ಣಲ್ಲಿ ನೀರಿರಲಿಲ್ಲ, ನನಗೆ ಭಯವಾದದ್ದು ಅದಕ್ಕೇ.

ವಾರ ಮುಗಿಯುವ ಮೊದಲೇ ಭಾವ ಬಿಚ್ಚಿ ಕೊಡುತ್ತೇನೆ ಎಂದು ಹೇಳಿಕಳಿಸಿದರು. ನಾನು ಕೆಳಗಿಳಿದು ಹೋಗಿ, "ಅಕ್ಕನ್ನ ಒಂದು ಮಾತು ಕೇಳಿದ್ರಾ?" ಅಂದೆ. "ಕೇಳೋದೇನಿದೆ, ನನ್ನ ಕೈಲಾಗಲ್ಲ" ಅಂದರು. "ಮಂಡಿ ಟ್ಯಾಂಕ್ ಹತ್ತೋಕಾಗತ್ತೆ, ಕಾರಿನ ಮುಂದೆ ಕೂರೋಕಾಗಲ್ವಾ?" ಅಂದೆ. ಅವರು ಪೇಪರು ಅಡ್ಡ ಹಿಡಿದರು.

ಮರುದಿನ ಬೆಳಿಗ್ಗೆ ಗಾಜಿನವನು ಬಂದ. ಟಾರ್ಪಾಲು ತೆಗೆದರು. ಕೆಂಪು ಬಣ್ಣ ಅಲ್ಲಲ್ಲಿ ಉಳಿದಿತ್ತು, ಮಿಕ್ಕದ್ದೆಲ್ಲ ಕಂದು. ಸೀಟಿನ ಹೊದಿಕೆ ಹರಿದು ಸ್ಪ್ರಿಂಗು ಹೊರಗೆ ಬಂದಿತ್ತು. "ಯಾವ್ಯಾವುದು ಗಟ್ಟಿ ಇದೆ ಗುರುತು ಹಾಕಿಕೊಡಿ ಮೇಸ್ತ್ರಿ. ನೀವು ಸರಿ ಅಂದದ್ದನ್ನ ಕಣ್ಮುಚ್ಚಿ ತಗೋತೀನಿ" ಅಂದ ಅವನು. ಭಾವ ಅಂಗಿಗೆ ಕೈ ಒರೆಸಿಕೊಂಡರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಶುರುಮಾಡಿದರು. ತಟ್ಟುವುದು, ಕಿವಿ ಓರೆ ಮಾಡುವುದು, ಗುರುತು. ಬಾನೆಟ್ಟು ಸರಿ. ಬಲಬಾಗಿಲು ಸರಿ. ಎಡಬಾಗಿಲು ಸರಿ. ಅದರ ಕೆಳಗಿನ ಪಟ್ಟಿಯೂ ಸರಿ. ಗಾಜಿನವನ ಮುಖ ಅರಳಿತು. ನಾಳೆ ಗಾಡಿ ತರುತ್ತೇನೆಂದು ಹೇಳಿ ಹೊರಟ.

ನಾನು ಅಡುಗೆಮನೆಗೆ ಬಂದರೆ ಅಕ್ಕ ಕಿಟಕಿಯ ಹತ್ತಿರ ಚಾಕು ಹಿಡಿದು ನಿಂತುಬಿಟ್ಟಿದ್ದಳು. ಮುಂದಿದ್ದ ತರಕಾರಿ ಹಾಗೇ ಇತ್ತು.

"ಎಡಬಾಗಿಲು ದಬ್ ಅಂತು" ಅಂದಳು. "ಕೆಳಗಿನ ಪಟ್ಟಿ ಇನ್ನೂ ಕೆಟ್ಟದಾಗಿ. ಅವರು ಸರಿ ಅಂತ ಗುರುತು ಹಾಕಿದ್ರು. ನೋಡ್ತಾ ಇದ್ದೆ."

"ನಿಂಗೆ ಹೇಗೆ ಗೊತ್ತು?"

"ಇಷ್ಟು ವರ್ಷ ಇದೇ ಕಿಟಕೀಲಿ ಇನ್ನೇನು ಕೇಳಿದೀನಿ ನಾನು?" ಚಾಕು ಕೆಳಗಿಟ್ಟಳು. "ಒಬ್ಬರಿಗೂ ಪುಟ್ಟಿ ಮೆತ್ತಿ ಕೊಟ್ಟವರಲ್ಲ. ಈಗ ಕೊಳೆತದ್ದನ್ನ ಸರಿ ಅಂತ ಸಾಗಹಾಕ್ತಿದಾರೆ. ಅಷ್ಟು ಭಾರ ಆಗಿದೆಯಾ ಇವರಿಗೆ ಆ ಕಾರು?"

ಕಾರು ಅಂದಳು. ಅವಳು ಹೇಳಿದ್ದು ತನ್ನನ್ನೇ ಎಂದು ನನಗೆ ಗೊತ್ತಾಯಿತು. ನನ್ನ ಪಿತ್ತ ನೆತ್ತಿಗೇರಿತು. ಮಹಡಿಗೆ ಹೋಗಿ ದಪ್ಪ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದೆ. ಭಾವ ಶೆಡ್ಡಿನಲ್ಲೇ ಇದ್ದರು, ಕಾರಿನ ಮುಂದೆ ಮೋಟು ಸ್ಟೂಲಿನ ಮೇಲೆ ಕೂತಿದ್ದರು. ನಾನು ಅವರನ್ನು ಕೇಳಲೂ ಇಲ್ಲ, ಎಡಬಾಗಿಲಿನ ಕೆಳಗೆ ಸರಿ ಗುರುತು ಇದ್ದ ಕಡೆ ಕತ್ತರಿಯ ಮೊನೆ ಒತ್ತಿದೆ. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಬಾಗಿಲಿನ ಅಂಚಿಗೆ ಒತ್ತಿದೆ, ಅಲ್ಲೂ ಹಿಡಿಯವರೆಗೆ ಇಳಿಯಿತು. ತುಕ್ಕಿನ ಪುಡಿ ಭಾವನ ಚಪ್ಪಲಿಯ ಮೇಲೆ ಬಿತ್ತು.

ಚುಚ್ಚಿದ್ದಕ್ಕೆ ರೇಗುತ್ತಾರೆ ಅಂದುಕೊಂಡಿದ್ದೆ. ರೇಗಲಿಲ್ಲ. ತೂತನ್ನೇ ನೋಡುತ್ತ ಕೂತರು.

"ಇದು ಸರೀನಾ ಭಾವ? ಅವನು ಕಣ್ಮುಚ್ಚಿ ತಗೋತೀನಿ ಅಂದ್ರೆ, ನೀವು ಕಣ್ಣು ಬಿಟ್ಕೊಂಡೇ ಮೋಸ ಮಾಡೋದಾ?"

"ಮೋಸ ಅಲ್ಲ" ಅಂದರು.

"ಮತ್ತಿನ್ನೇನು? ಬೀದಿಗೆ ಹೋಗಿ ಹೇಳ್ಲಾ, ಟಣ್ ಮೇಸ್ತ್ರಿ ಈ ವಯಸ್ಸಲ್ಲಿ ಕಲಿತ ವಿದ್ಯೆ ಇದು ಅಂತ?"

ಅವರು ಬಾಗಿಲನ್ನು ಇನ್ನೊಮ್ಮೆ ತಟ್ಟಿದರು. ಈಗ ಹತ್ತಿರದಲ್ಲಿ ನಿಂತದ್ದರಿಂದ ನನಗೂ ಕೇಳಿಸಿತು, ಒದ್ದೆ ರಟ್ಟಿನ ಸದ್ದು. ಭಾವ ಕಿವಿ ಓರೆ ಮಾಡಿ ಕಾದರು. ಆಮೇಲೆ ತಲೆಯಲ್ಲಾಡಿಸಿ, "ನಂಗೆ ಸದ್ದೇ ಬರ್ತಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲದ್ದು ಅಲ್ಪಸ್ವಲ್ಪ. ಬಣ್ಣ ನೋಡ್ಕೊಂಡು, ಅಂದಾಜಿನ ಮೇಲೆ ಗುರುತು ಹಾಕ್ದೆ" ಅಂದರು.

ನಾನು ಕತ್ತರಿ ಹಿಡಿದುಕೊಂಡೇ ನಿಂತೆ. ಅವರು ಒಂದೊಂದೇ ಹೇಳಿದರು. ಜೀವಮಾನವಿಡೀ ತಗಡಿಗೆ ಕಿವಿ ಕೊಟ್ಟು ಬಡಿದು ಬಡಿದು ಕಿವಿಯೇ ಸತ್ತದ್ದು. ವರ್ಕ್‌ಶಾಪಿನ ಕೊನೆಯ ದಿನಗಳಲ್ಲಿ ಒಬ್ಬರ ಕಾರನ್ನು ಗಟ್ಟಿ ಎಂದು ಒಪ್ಪಿಸಿದ್ದು, ಅದರ ಅಡಿ ನಡುರಸ್ತೆಯಲ್ಲಿ ಕಳಚಿ ಬಿದ್ದದ್ದು, ಪುಣ್ಯಕ್ಕೆ ಯಾರಿಗೂ ಏನೂ ಆಗದ್ದು. ಬೋರ್ಡು ಇಳಿಸಿದ್ದು ಆವತ್ತು. ಮಂಡಿ ಅಂದರೆ ಜನ ಅಯ್ಯೋ ಅನ್ನುತ್ತಾರೆ, ಕಿವಿ ಅಂದರೆ ನಗುತ್ತಾರೆ ಎಂದು ಮಂಡಿಯ ಹೆಸರು ಹೇಳಿದ್ದು.

"ಅಕ್ಕನಿಗ್ಯಾಕೆ ಹೇಳ್ಲಿಲ್ಲ?"

"ಅವಳ ದನೀನೇ ಮೊದಲು ಹೋಗಿದ್ದು" ಅಂದರು ಭಾವ. "ತಗಡಿಗಿಂತ ಮುಂಚೆ. ತುಟಿ ಆಡೋದು ಕಾಣ್ಸತ್ತೆ, ಮಾತಿಲ್ಲ. ಬೆನ್ನ ಹಿಂದೆ ನಿಂತು ಏನಂತಾಳೋ ಅದೂ ಇಲ್ಲ. ಹೇಳಿದ್ರೆ ಇನ್ನು ಮೇಲೆ ನನಗೋಸ್ಕರ ಕೂಗಿ ಕೂಗಿ ಮಾತಾಡ್ಬೇಕು ಅವಳು. ಹುಟ್ಟಿದಾಗಿಂದ ಕೂಗಿದವಳಲ್ಲ. ಅದನ್ನ ನೋಡೋಕೆ ನನ್ನಿಂದಾಗಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ದನಿ ಮಾತ್ರ ಹೋಗೇ ಇಲ್ಲ ನೋಡು. ಅದೊಂದು ಹೋಗ್ಬಾರದಿತ್ತಾ" ಅಂದರು.

ನಗಬಾರದ ಹೊತ್ತಿನಲ್ಲಿ ನನಗೆ ನಗು ಬಂತು. ಅವಳಿಗೆ ಹೇಳಬೇಡ ಎಂದು ಕೈ ಹಿಡಿದು ಕೇಳಿಕೊಂಡರು. ಹೇಳಬೇಡ ಅಂದದ್ದನ್ನು ನಾನು ಹೇಳದೆ ಬಿಟ್ಟದ್ದು ಯಾವತ್ತೂ ಇಲ್ಲ. ಅಲ್ಲೇ ನಿಂತು ಕಿಟಕಿಗೆ ಕೇಳಿಸುವ ಹಾಗೆ ಕೂಗಿದೆ. "ಅಕ್ಕಾ, ನಿನ್ನ ಗಂಡ ಮಾತು ಬಿಟ್ಟಿದ್ದಲ್ಲ, ಕಿವಿ ಹೋಗಿದೆಯಂತೆ. ಹೊರಗೆ ಬಾ."

ಅಕ್ಕ ಒದ್ದೆ ಕೈಯಲ್ಲೇ ಬಂದಳು. ಭಾವನ ಬೆನ್ನ ಹಿಂದೆ ನಿಂತು ಅವರನ್ನು ಮೆಲ್ಲಗೆ ಕರೆದಳು. ಅವರು ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಅಷ್ಟು ದಿನ ಉತ್ತರ ಬರದೆ ಹೋದ ಮಾತುಗಳೆಲ್ಲ ಅವಳ ಮುಖದ ಮೇಲೆ ಬಂದು ಹೋದವು. ಸುತ್ತಿಕೊಂಡು ಬಂದು ಅವರ ಎದುರಿಗೆ ನಿಂತು, ಉಸಿರು ಎಳೆದುಕೊಂಡು, ಜನ್ಮದಲ್ಲಿ ಮೊದಲ ಸಲ ಕೂಗಿದಳು.

"ಎಡಬಾಗಿಲು ಪೂರ್ತಿ ಕೊಳೆತಿದೆ!"

ಪಕ್ಕದ ಮನೆಯ ನಾಯಿ ಬೊಗಳಿತು. ಭಾವ ಅವಳ ಮುಖವನ್ನೇ ನೋಡಿ, "ಹೂಂ. ಈಗ್ತಾನೇ ಈ ಕತ್ತರೀನೂ ಅದೇ ಅಂದ್ಲು" ಅಂದರು. ಅಕ್ಕ ಅವರ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡಳು.

ಆ ಮಧ್ಯಾಹ್ನ ಮನೆಯಲ್ಲಿ ಅಡುಗೆಯಾಗಲಿಲ್ಲ. ಭಾವ ತಟ್ಟಿದರು, ಅಕ್ಕ ಕೇಳಿ ಗುರುತು ಹಾಕಿದಳು. ಹಳೆಯ ಗುರುತುಗಳನ್ನು ಸೆರಗಿನಿಂದ ಒರೆಸಿ ಹೊಸದು ಬರೆದಳು. ನೆಲದ ತಗಡಿಗೆ ಸೊನ್ನೆ, ಎರಡೂ ಕಡೆಯ ಕೆಳಪಟ್ಟಿಗೆ ಸೊನ್ನೆ, ಹಿಂದಿನ ಚಕ್ರದ ಮೇಲೆ ಸೊನ್ನೆ. ಚೌಕಟ್ಟಿನ ಉದ್ದಕ್ಕೂ ಸೊನ್ನೆಯ ಮೇಲೆ ಸೊನ್ನೆ. ಬಾನೆಟ್ಟು, ಬಲಬಾಗಿಲು, ಡಿಕ್ಕಿಯ ಮುಚ್ಚಳ ಇಷ್ಟೇ ಟಣ್ ಅಂದವು. ಭಾವನ ಕಿವಿ ಚೆನ್ನಾಗಿದ್ದಿದ್ದರೂ ಆ ಕಾರು ಎದ್ದು ನಿಲ್ಲುತ್ತಿರಲಿಲ್ಲ ಎಂದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು. ಭಾವನೂ ಅದನ್ನು ನೋಡಿದರು. ಆದರೂ ಅಕ್ಕನ ಮುಖ ನೋಡಿ, "ನೀನು ಹೇಳು. ಮಾಡು ಅಂದ್ರೆ ಮಾಡ್ತೀನಿ. ನೀನು ಕೇಳು, ನಾನು ಬಡೀತೀನಿ. ಎಷ್ಟು ವರ್ಷ ಆದ್ರೂ ಆಗ್ಲಿ" ಅಂದರು.

ಅಕ್ಕ ಕಾರನ್ನು ಒಂದು ಸುತ್ತು ಹಾಕಿದಳು. ಬಂದು ಅವರ ಬಲಗಡೆ ನಿಂತು ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. ದನಿ ಏರಿಸಲಿಲ್ಲ. "ಬಿಚ್ಚಿ ಕೊಡಿ. ಅವನದ್ದಾದ್ರೂ ಓಡ್ಲಿ."

ಭಾವ ತಟ್ಟನೆ ಅವಳ ಕಡೆ ತಿರುಗಿದರು. "ಕೇಳ್ಸಿತು" ಅಂದರು.

ಮರುದಿನ ಗಾಜಿನವನಿಗೆ ಭಾವನೇ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಕಿವಿಯ ಸಮೇತ. ಅವನು ನಗಲಿಲ್ಲ. ಅಕ್ಕ ಸರಿ ಗುರುತು ಹಾಕಿದ್ದನ್ನು ಮಾತ್ರ ಒಯ್ದ. ಗೇರ್‌ಬಾಕ್ಸು, ಲೈಟುಗಳನ್ನು ಭಾವ ಒಂದೊಂದು ಬೋಲ್ಟಿಗೂ ಎಣ್ಣೆ ಬಿಟ್ಟು ಬಿಚ್ಚಿಕೊಟ್ಟರು. ಕೊನೆಯಲ್ಲಿ ಉಳಿದದ್ದನ್ನು ಗುಜರಿಯವರು ಎತ್ತಿಕೊಂಡು ಹೋದರು. ಆಗ ಭಾವ ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡು ಬಂದರು. ಕಿವಿ ಡಾಕ್ಟರ ಹತ್ತಿರ ನಾನೇ ಎಳೆದುಕೊಂಡು ಹೋದೆ. ಮಷಿನು ಕೊಟ್ಟಿದ್ದಾರೆ. ಹಾಕಿಕೊಂಡರೆ ಪ್ರಪಂಚವೆಲ್ಲ ತಗಡು ಎಳೆದ ಹಾಗೆ ಕೇಳಿಸುತ್ತದೆ ಎಂದು ಗೊಣಗಿ ಡ್ರಾಯರಿನಲ್ಲಿ ಇಡುತ್ತಾರೆ. ಬ್ಯಾಂಕಿಗೆ ಹೋಗುವಾಗ ಹಾಕಿಕೊಳ್ಳುತ್ತಾರೆ.

ಎರಡು ಸೀಟುಗಳು ಯಾರಿಗೂ ಬೇಡವಾಗಿ ಶೆಡ್ಡಿನಲ್ಲೇ ಬಿದ್ದಿದ್ದವು. ನಾನು ಅವುಗಳ ಸ್ಪ್ರಿಂಗು ಒಳಗೆ ತಳ್ಳಿ, ಸ್ಪಂಜು ತುಂಬಿ, ಉಳಿದಿದ್ದ ಕೆಂಪು ರೆಕ್ಸಿನ್ನಿನಲ್ಲಿ ಹೊಸ ಹೊದಿಕೆ ಹೊಲಿದೆ. ಎರಡು ಸೂಜಿ ಮುರಿದವು, ಬೈದುಕೊಂಡೇ ಹೊಲಿದೆ. ಭಾವ ಅವನ್ನು ಒಂದು ದಪ್ಪ ಹಲಗೆಗೆ ಬೋಲ್ಟು ಹಾಕಿ ಕೂರಿಸಿ, ವರಾಂಡದಲ್ಲಿ ಇಟ್ಟರು. ಕಾರಿನಲ್ಲಿ ಇದ್ದ ಹಾಗೆಯೇ, ಬಲಗಡೆ ಡ್ರೈವರಿನದ್ದು, ಎಡಗಡೆ ಪಕ್ಕದವರದ್ದು.

ಮೊದಲ ಸಂಜೆ ಭಾವ ಅಭ್ಯಾಸಬಲದಿಂದ ಡ್ರೈವರ್ ಸೀಟಿನ ಕಡೆ ಹೋದರು. ಅಕ್ಕ ಅವರ ತೋಳು ಹಿಡಿದು ಎಡಗಡೆಗೆ ಸರಿಸಿ ಕೂರಿಸಿ, ತಾನು ಬಲಗಡೆ ಕೂತಳು. ಅವರಿಗೆ ಉಳಿದಿರುವ ಕಿವಿ ಆ ಕಡೆಯದು. "ಇನ್ಮೇಲೆ ಗಾಡಿ ಅಕ್ಕಂದು" ಎಂದು ನಾನು ಮಹಡಿಯಿಂದ ಕೂಗಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಅಕ್ಕ ಎದುರಿನ ಬೀದಿಯನ್ನೇ ನೋಡುತ್ತ ಏನೋ ಅಂದಳು. ಅಷ್ಟು ಮೆಲ್ಲಗೆ ಅಂದದ್ದು ಮೇಲಿದ್ದ ನನಗೆ ಕೇಳಿಸಲಿಲ್ಲ. ಭಾವ ಪಕ್ಕದಲ್ಲಿದ್ದ ಕಾಫಿ ಲೋಟ ಎತ್ತಿಕೊಂಡರು.

"ತಣ್ಣಗಾಗಿದ್ರೂ ಪರವಾಗಿಲ್ಲ" ಅಂದರು. "ಕುಡೀತೀನಿ."